ಇಳಿಸಿಟ್ಟ ಶ್ರುತಿಯಲ್ಲಿ ಕೇಳಿದ ಕ್ಯಾಸೆಟ್ಟು

ಮೊನ್ನೆ ಬ್ರಹ್ಮಾವರದ ಕ್ಲಿನಿಕ್ಕಿನಲ್ಲಿ ಮಗಳಿಗೆ ಇಂಜೆಕ್ಷನ್ ಕೊಡುವ ಮೊದಲು ನರ್ಸು ಹತ್ತಿಗೆ ಸ್ಪಿರಿಟ್ ಹಾಕಿದರು. ಮಗಳು ಅಳುವುದಕ್ಕೆ ಬಾಯಿ ತೆರೆದಳು. ನಾನು ಮೂಗು ಅರಳಿಸಿಕೊಂಡು ನಿಂತೆ. ಬೇರೆಯವರಿಗೆ ಅದು ಆಸ್ಪತ್ರೆಯ ವಾಸನೆ. ನನಗೆ ಕೋಟೇಶ್ವರದ ಒಂದು ಕ್ಯಾಸೆಟ್ ಅಂಗಡಿಯದ್ದು. ಅಲ್ಲಿ ಒಬ್ಬರು ಬೆಳಿಗ್ಗೆ ಬಾಗಿಲು ತೆರೆದು, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಕಡ್ಡಿಗೆ ಸುತ್ತಿದ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಟೇಪ್ ಡೆಕ್ಕಿನ ಹೆಡ್ ಒರೆಸುತ್ತಿದ್ದರು. ಊದುಬತ್ತಿ ಒಂದು ದಿನ ತಪ್ಪಿದರೂ ಒರೆಸುವುದು ತಪ್ಪುತ್ತಿರಲಿಲ್ಲ...

ಅವರನ್ನು ನಾನು ಮಾವ ಎಂದು ಕರೆಯುತ್ತಿದ್ದೆ. ನೆಂಟಸ್ತಿಕೆ ಏನೂ ಇಲ್ಲ, ಸುಮ್ಮನೆ ಬಾಯಿಗೆ ಬಂದದ್ದು ಹಾಗೇ ಉಳಿಯಿತು. ಯಕ್ಷಗಾನ, ಭಜನೆ, ಮದುವೆಮನೆಯ ಮೈಕಿಗೆ ಹಾಕುವ ಸಿನಿಮಾ ಹಾಡು, ಇವನ್ನು ಕ್ಯಾಸೆಟ್ಟಿಗೆ ತುಂಬಿಸಿ ಕೊಡುವುದು ಅವರ ಕಸುಬು. ಅಂಥ ಅಂಗಡಿಯಲ್ಲಿ ಥ್ರ್ಯಾಶ್ ಮೆಟಲ್ ಎಂಬ ವಿದೇಶೀ ಅಬ್ಬರದ ಸಂಗೀತ ಕೇಳುತ್ತ ಕೂತ ಹುಡುಗಿ ನಾನು. ಈಗ ಹೇಳಿದರೆ ನನಗೇ ನಗು ಬರುತ್ತದೆ.

ತೊಂಬತ್ತೊಂಬತ್ತನೇ ಇಸವಿ ಇರಬೇಕು. ಬೀಜಾಡಿಯಲ್ಲಿ ನಮ್ಮದು ಮೀನು ವ್ಯಾಪಾರದ ಮನೆ; ನಾನು ಕುಂದಾಪುರದಲ್ಲಿ ಬಿ.ಕಾಂ. ಓದುತ್ತಿದ್ದೆ. ಮುಂಬಯಿಯ ಹೋಟೆಲಿನಲ್ಲಿ ಕ್ಯಾಶಿಗೆ ಕೂರುವ ದೊಡ್ಡಮ್ಮನ ಮಗ ಊರಿಗೆ ಬಂದವನು ಒಂದು ಕ್ಯಾಸೆಟ್ಟು ಮರೆತು ಹೋದ. ಹಾಕಿ ಕೇಳಿದೆ. ಗಿಟಾರು ಗರಗಸದ ಹಾಗೆ ಕೊಯ್ಯುತ್ತಿತ್ತು, ಡ್ರಮ್ಮು ನಿಲ್ಲದೆ ಓಡುತ್ತಿತ್ತು, ಹಾಡುವವನು ಹಾಡುತ್ತಲೇ ಇರಲಿಲ್ಲ, ಗದರುತ್ತಿದ್ದ. ಅಜ್ಜಿ ಓಡಿ ಬಂದು ಯಂತ್ರ ಕೆಟ್ಟಿತು ಎಂದು ಪ್ಲಗ್ಗು ಕಿತ್ತರು. ನನಗೋ, ಹುಚ್ಚು ಹಿಡಿದಾಗಿತ್ತು.

ಕ್ಯಾಸೆಟ್ಟಿನ ಒಳಹಾಳೆಯಲ್ಲಿ ಮುಂಬಯಿಯ ಒಂದು ವಿಳಾಸವಿತ್ತು. ಯಾರೋ ಪುಣ್ಯಾತ್ಮ ಈ ಸಂಗೀತಕ್ಕೆಂದೇ ಒಂದು ಜೆರಾಕ್ಸ್ ಪತ್ರಿಕೆ ನಡೆಸುತ್ತಿದ್ದ. ಯಾವ ಕಂಪನಿಯೂ ಮೂಸದ ತಂಡಗಳು ತಮ್ಮ ಕೋಣೆಯಲ್ಲೇ ಹಾಡು ಮುದ್ರಿಸಿ ಅವನಿಗೆ ಕಳಿಸುತ್ತಿದ್ದವು. ಹೊಸದಾಗಿ ಬಂದವನ್ನು ಕೇಳಿ ವಿಮರ್ಶೆ ಬರೆಯುವವರು ಅವನಿಗೆ ಬೇಕಿತ್ತು. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಇಂಗ್ಲಿಷಿನಲ್ಲಿ ಒಂದು ಬರೆದು ಕಳಿಸಿದೆ. ಒಪ್ಪಿದ. ಹೆಸರಿನ ಒಂದೇ ಅಕ್ಷರ ಹಾಕುತ್ತಿದ್ದುದರಿಂದ ನಾನು ಗಂಡಸೆಂದೇ ಎಲ್ಲರ ನಂಬಿಕೆ. ಗುರುತಿಲ್ಲದ ಹುಡುಗರ ಕಾಗದ ಮನೆಗೆ ಬಂದರೆ ಅಪ್ಪ ಕಾಲೇಜು ಬಿಡಿಸುವುದು ಖಂಡಿತ, ಹಾಗಾಗಿ ಅಂಗಡಿಯ ವಿಳಾಸ ಕೊಟ್ಟೆ. ಮಾವ ಏಕೆ, ಏನು ಎಂದು ಕೇಳಲಿಲ್ಲ. ಬಂದ ಪಾರ್ಸೆಲ್ಲನ್ನು ಭಜನೆ ಕ್ಯಾಸೆಟ್ಟುಗಳ ಹಿಂದೆ ಇಟ್ಟಿರುತ್ತಿದ್ದರು. ಕಾಲೇಜು ಬಿಟ್ಟು ಬರುವಾಗ ನಾನು ಬಸ್ಸಿಳಿದು, ಅವರ ದೊಡ್ಡ ಹೆಡ್‌ಫೋನ್ ಕಿವಿಗೆ ಹಾಕಿಕೊಂಡು, ಡೆಕ್ಕಿನ ಎದುರು ಕೂತು ಕೇಳಿ ಅಲ್ಲೇ ಬರೆಯುತ್ತಿದ್ದೆ. ಒಮ್ಮೆ ಅವರೂ ಹೆಡ್‌ಫೋನಿನ ಒಂದು ಬದಿಯನ್ನು ಕಿವಿಗೆ ಒತ್ತಿಕೊಂಡು ಬಹಳ ಗಂಭೀರವಾಗಿ ಪೂರ್ತಿ ಹಾಡು ಕೇಳಿದರು.

"ಚೆಂಡೆ ಅಡ್ಡಿಲ್ಲ. ಭಾಗ್ವತ್ರ್ ಗಂಟ್ಲ್ ಮಾತ್ರ ಕೆಟ್ಟಿತ್ತ್" ಎಂದರು.

ನನ್ನ ಬರಹದ ಗುಣ ಏನೆಂದರೆ, ಬಾಯಿ. ಹೊಗಳುವುದಕ್ಕಿಂತ ಉಗಿಯುವುದರಲ್ಲಿ ನನ್ನ ಕೈ ಚುರುಕು. ಓದುವವರು ನಗುತ್ತಿದ್ದಾರೆಂದು ಸಂಪಾದಕ ಬರೆದ ಮೇಲಂತೂ ತಲೆ ತಿರುಗಿಯೇ ಹೋಯಿತು. ಕ್ಯಾಸೆಟ್ಟು ಬಂದ ಕೂಡಲೇ ಎಲ್ಲಿ ಕಚ್ಚುವುದು ಎಂದು ಹುಡುಕುತ್ತಿದ್ದೆ.

ಹಾಗಿರುವಾಗ ಈಶಾನ್ಯದ ಯಾವುದೋ ಗುಡ್ಡದೂರಿನಿಂದ ನಾಲ್ಕು ಹುಡುಗರ ಮೊದಲ ಕ್ಯಾಸೆಟ್ಟು ಬಂತು. ಜತೆಗೆ ಡ್ರಮ್ ಬಾರಿಸುವವನ ಕಾಗದ. ಅಪ್ಪ ಡ್ರಮ್ ಸೆಟ್ ಮಾರುತ್ತೇನೆಂದು ಕೂತಿದ್ದಾರೆ, ಹೊರಗಿನವರು ಯಾರಾದರೂ ನಾಲ್ಕು ಒಳ್ಳೆಯ ಮಾತು ಬರೆದರೆ ಅದನ್ನು ತೋರಿಸಿ ತಡೆಯಬಹುದು, ಸುಳ್ಳು ಬರೆಯುವುದು ಬೇಡ, ಸರಿಯಾಗಿ ಕೇಳಿ ಬರೆಯಿರಿ ಸಾಕು ಎಂದಿದ್ದ. ನಾನು ಸರಿಯಾಗಿಯೇ ಕೇಳಿದೆ. ಎರಡೆರಡು ಸಲ ಕೇಳಿದೆ. ಎಂಥ ಸಪ್ಪೆ! ಥ್ರ್ಯಾಶ್ ಎಂದರೆ ಓಟ, ಇಲ್ಲಿ ಡ್ರಮ್ಮು ಕಾಲೆಳೆಯುತ್ತಿತ್ತು. ಹಾಡುವವನ ದನಿ ಪಾತಾಳದಲ್ಲಿತ್ತು. ಡ್ರಮ್ ಬಾರಿಸುವ ಹುಡುಗ ಕೆಸರಿನಿಂದ ಏಳಲು ಮನಸ್ಸಿಲ್ಲದ ಎಮ್ಮೆ, ಅವನ ಅಪ್ಪ ಡ್ರಮ್ ಮಾರಿದರೆ ಸಂಗೀತಕ್ಕೆ ಉಪಕಾರ ಎಂದು ಬರೆದೆ. ಹೌದು, ಆ ಕಾಗದ ಓದಿದ ಮೇಲೂ ಹಾಗೆ ಬರೆದೆ. ಮಾವನಿಗೆ ಕನ್ನಡದಲ್ಲಿ ಓದಿ ಹೇಳಿದೆ, ಅವರೂ ಎಮ್ಮೆಯ ಮಾತಿಗೆ ನಕ್ಕರು. ಅಂಗಡಿ ಎದುರಿನ ಡಬ್ಬಕ್ಕೆ ಲಕೋಟೆ ಹಾಕಿ ಮನೆಗೆ ಹೋದೆ.

ಎರಡು ದಿನ ಬಿಟ್ಟು ಕಾಲೇಜಿಗೆ ರಜೆ ಇದ್ದ ಬೆಳಿಗ್ಗೆ ಅಂಗಡಿಯಲ್ಲಿದ್ದೆ. ಸಾಲಿಗ್ರಾಮದಿಂದ ಒಬ್ಬರು ಮಾಸ್ತರು ಬಂದರು. ಶಾಲೆಯಿಂದ ನಿವೃತ್ತರಾದ ಮೇಲೆ ಯಕ್ಷಗಾನದ ಹಾಡುಗಾರಿಕೆ, ಭಾಗವತಿಕೆ, ಕಲಿಯುವ ಆಸೆ ಹುಟ್ಟಿದವರು. ಕ್ಯಾಸೆಟ್ಟಿನ ಭಾಗವತರ ಶ್ರುತಿಗೆ ಅವರ ಗಂಟಲು ಏರುತ್ತಿರಲಿಲ್ಲ. ಅದಕ್ಕೆ ಮಾವ ಒಂದು ಉಪಾಯ ಮಾಡಿದ್ದರು: ಡೆಕ್ಕಿನ ಹಿಂದಿನ ತೂತಿಗೆ ಸಣ್ಣ ಸ್ಕ್ರೂಡ್ರೈವರ್ ತೂರಿಸಿ ಮೋಟಾರನ್ನು ನಿಧಾನ ಮಾಡುವುದು. ಓಟ ತಗ್ಗಿದರೆ ದನಿಯೂ ತಗ್ಗುತ್ತದೆ. ಮಾಸ್ತರು ಆರಾಮವಾಗಿ ಜತೆಗೆ ಹಾಡಿಕೊಂಡು ಹೋಗುತ್ತಿದ್ದರು, ಆಮೇಲೆ ಮಾವ ಸ್ಕ್ರೂ ತಿರುಗಿಸಿ ಮೊದಲಿನಂತೆ ಮಾಡುತ್ತಿದ್ದರು. ಅವತ್ತೂ ಸ್ಕ್ರೂಡ್ರೈವರ್ ಹಿಡಿದು ಬಗ್ಗಿದವರು ಹಾಗೇ ನಿಂತರು. ಮೋಟಾರು ಆಗಲೇ ನಿಧಾನದಲ್ಲಿತ್ತು. ಹಿಂದಿನ ಸಲ ಮಾಸ್ತರು ಹಾಡುತ್ತಿರುವಾಗ ಕರೆಂಟು ಹೋಗಿತ್ತು, ಮಾಸ್ತರು ಬಸ್ಸಿಗೆ ಓಡಿದ್ದರು, ಮಾವ ಮರೆತಿದ್ದರು; ಕ್ಯಾಸೆಟ್ಟು ತುಂಬಿಸುವುದು ಬೇರೆ ಡೆಕ್ಕಿನಲ್ಲಾದ್ದರಿಂದ ಗೊತ್ತೂ ಆಗಿರಲಿಲ್ಲ. ಮರುದಿನ ಅದೇ ಡೆಕ್ಕಿನಲ್ಲಿ ನಾನು ಆ ಹುಡುಗರನ್ನು ಕೇಳಿದ್ದೆ...

ಮಾವ ನನ್ನ ಮುಖ ನೋಡಿದರು. ಸ್ಕ್ರೂ ಸರಿ ಮಾಡಿ ಆ ಕ್ಯಾಸೆಟ್ಟು ಹಾಕಿದರು. ಅಬ್ಬಬ್ಬಾ, ಏನು ಓಟ! ಇವನಿಗಿರುವುದು ಎರಡೇ ಕೈಯೇ ಎನ್ನಿಸುವ ಹಾಗೆ ಬಾರಿಸುತ್ತಿದ್ದ. ಗಾಬರಿಯಾದರೆ ನನಗೆ ಮೊದಲು ಬರುವುದು ಸಿಟ್ಟು. ನಿಮ್ಮ ಮಿಷನ್ನಿನಿಂದ ಹೀಗಾಯಿತು, ಮಿಷನ್ ಸರಿಯಿರಲಿಲ್ಲವೆಂದು ಬರೆದು ಹಾಕುತ್ತೇನೆ ಎಂದು ಹಾರಾಡಿದೆ. ಮಾಸ್ತರು ಕಕ್ಕಾಬಿಕ್ಕಿಯಾಗಿ ಬೆಂಚಿನ ತುದಿಗೆ ಸರಿದರು.

ಮಾವ ದನಿ ಏರಿಸಲಿಲ್ಲ. "ಸ್ಲೋ ಆದ್ದ್ ಮಿಷನಿಂದ, ಅದ್ ನನ್ ತಪ್ಪ್. ಎಮ್ಮಿ ಅಂದ್ ಬರ್ದದ್ದ್ ಯಾರ್ ಮಗಾ, ಮಿಷನಾ?"

ಅಂಗಡಿಯಲ್ಲೇ ಗೊಳೋ ಎಂದು ಅತ್ತೆ. ಆ ಹುಡುಗನ ಅಪ್ಪ ನನ್ನ ಅಕ್ಷರ ಓದಿಕೊಂಡು ಡ್ರಮ್ ಹೊರಗೆ ಹೊರಿಸುವುದು ಕಣ್ಣಿಗೆ ಕಟ್ಟಿದಂತಿತ್ತು. ಮಾವ ಮಾಸ್ತರ ಹತ್ತಿರ ಕ್ಷಮೆ ಕೇಳಿ ಅಂಗಡಿಯ ಹಲಗೆ ಹಾಕಿದರು. ನಡುಹಗಲಿನಲ್ಲಿ ಅವರು ಅಂಗಡಿ ಮುಚ್ಚಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. "ಬಾ, ನಾನೂ ನೆಗಾಡಿದ್ದೆ ಅಲ್ದಾ? ಇಬ್ರೂ ಹೋಪ" ಎಂದರು.

ಪೋಸ್ಟಾಫೀಸಿನಲ್ಲಿ ಕೇಳಿದರೆ ಚೀಲ ಹಿಂದಿನ ದಿನವೇ ಹೋಗಿತ್ತು. ಸಂಪಾದಕನಿಗೆ ಫೋನಿರಲಿಲ್ಲ. ಬಸ್ ಹತ್ತಿ ಕುಂದಾಪುರಕ್ಕೆ ಹೋಗಿ ಟೆಲಿಗ್ರಾಂ ಕೊಡುವುದೆಂದಾಯಿತು. ಡೆಕ್ ಕೆಟ್ಟಿತ್ತು ಎಂದು ಬರೆಯೋಣವೇ ಎಂದು ನಾನು ಮತ್ತೆ ಮೆಲ್ಲಗೆ ಕೇಳಿದೆ, ಚಾಳಿ ಬಿಡಬೇಕಲ್ಲ. ಮಾವ ತಲೆ ಅಲ್ಲಾಡಿಸಿದರು. ಕೊನೆಗೆ ಫಾರಂ ಮೇಲೆ ಬರೆದದ್ದು ಇಷ್ಟೇ: ಕಳಿಸಿದ ವಿಮರ್ಶೆ ತಪ್ಪು, ಹಾಕಬೇಡಿ, ಬೇರೆ ಬರುತ್ತದೆ. ವಾಪಸು ಬಂದು ಅಂಗಡಿಯಲ್ಲಿ ಕೂತು ಮತ್ತೆ ಬರೆದೆ. ಈ ಸಲ ಎಲ್ಲಿ ಕಚ್ಚುವುದು ಎಂದು ಹುಡುಕಲಿಲ್ಲ. ಎರಡನೇ ಹಾಡು ಉದ್ದವಾಯಿತು ಎಂದೂ ಬರೆದೆ, ಆ ಕೈ ಕೇಳಿ ನನಗೆ ಕೂತಲ್ಲಿ ಕೂರಲಾಗಲಿಲ್ಲ ಎಂದೂ ಬರೆದೆ. ಎರಡೂ ನಿಜ.

ಆಮೇಲಿನ ಒಂದೂವರೆ ತಿಂಗಳು ನನಗೆ ಊಟ ಮೈಗೆ ಹತ್ತಲಿಲ್ಲ. ಟೆಲಿಗ್ರಾಂ ಮುಟ್ಟಿತೋ, ಅದಕ್ಕೆ ಮೊದಲೇ ಜೆರಾಕ್ಸ್ ಆಯಿತೋ, ಯಾರಿಗೆ ಗೊತ್ತು? ಪತ್ರಿಕೆ ಬಂದ ದಿನ ಮಾವ ಲಕೋಟೆ ಒಡೆಯದೆ ನನಗಾಗಿ ಕಾದಿದ್ದರು. ನಿಂತಲ್ಲೇ ಪುಟ ತಿರುಗಿಸಿದೆ. ಎರಡನೆಯದೇ ಅಚ್ಚಾಗಿತ್ತು. ಎಮ್ಮೆ ಎಲ್ಲೂ ಇರಲಿಲ್ಲ. ಪೂರ್ತಿ ಕನ್ನಡದಲ್ಲಿ ಓದಿಸಿ ಕೇಳಿದ ಮಾವ ಎದುರಿನ ಹೋಟೆಲಿನಿಂದ ಇಬ್ಬರಿಗೂ ಗೋಳಿಬಜೆ ತರಿಸಿದರು. ಅಷ್ಟು ರುಚಿಯ ಗೋಳಿಬಜೆ ನಾನು ಮತ್ತೆ ತಿಂದಿಲ್ಲ.

ಆದರೆ ಡ್ರಮ್ ಉಳಿಯಿತೋ ಇಲ್ಲವೋ, ಹುಡುಗನಿಂದ ಕಾಗದ ಬರಲಿಲ್ಲ. ಪತ್ರಿಕೆಯೂ ಆ ಸಂಚಿಕೆಗೇ ನಿಂತಿತು. ಕಾಗದ ಬಂತಾ ಎಂದು ನಾನು ಕೇಳುವುದು, ಇಲ್ಲವೆಂದು ಮಾವ ತಲೆ ಅಲ್ಲಾಡಿಸುವುದು, ಕೆಲವು ತಿಂಗಳು ಹೀಗೇ ನಡೆಯಿತು. ಆಮೇಲೆ ನನಗೆ ಮದುವೆಯಾಯಿತು, ಬ್ರಹ್ಮಾವರಕ್ಕೆ ಬಂದೆ, ಕ್ಯಾಸೆಟ್ಟಿನ ಕಾಲವೂ ಮುಗಿಯಿತು.

ಬಹಳ ವರ್ಷಗಳ ನಂತರ ಒಮ್ಮೆ ತವರಿಗೆ ಹೋಗುವಾಗ ಕೋಟೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಮಾವ ಸಿಕ್ಕಿದರು. ಅಂಗಡಿ ಮುಚ್ಚಿದ್ದರು. ಕಿವಿ ಪೂರಾ ಮಂದವಾಗಿತ್ತು. ಹತ್ತಿರ ಹೋಗಿ ಕೂಗಿ ಹೇಳಬೇಕಿತ್ತು. ನನ್ನ ಮಕ್ಕಳೆಷ್ಟು, ಗಂಡ ಏನು ಮಾಡುತ್ತಾರೆ, ಯಾವುದನ್ನೂ ಕೇಳಲಿಲ್ಲ. "ಆ ಹುಡ್ಗ ಈಗ್ಳೂ ಬಾರ್ಸ್ತ್ನಾ?" ಎಂದರು.

ಅಯ್ಯೋ ದೇವರೇ, ಆ ಸ್ಕ್ರೂವನ್ನು ಇವರು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದಾರೆ ಎಂದು ನನಗೆ ಆಗ ಗೊತ್ತಾಯಿತು. ನನಗೇನು ತಿಳಿದಿತ್ತು, ಮಣ್ಣು. ಆದರೂ ಅವರ ಕಿವಿಯ ಹತ್ತಿರ ಬಾಯಿಟ್ಟು, "ಹೌದ್ ಮಾವ, ಬಾರ್ಸ್ತ" ಎಂದು ಕೂಗಿದೆ. ಬಸ್ಸಿಗೆ ಕಾದಿದ್ದವರೆಲ್ಲ ತಿರುಗಿ ನೋಡಿದರು. ಮಾವ ದೊಡ್ಡ ಉಸಿರು ಬಿಟ್ಟು, "ಹಂಗಾರ್ ಅಡ್ಡಿಲ್ಲ" ಎಂದರು. ಮರುವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಹೋಗುವ ಮುದುಕರಿಗೆ ಸುಳ್ಳು ಹೇಳಿ ಕಳಿಸಿದೆನಲ್ಲ ಎಂದು ಮನಸ್ಸಿಗೆ ಚುಚ್ಚುತ್ತಿತ್ತು. ಹುಡುಕಿ ನೋಡಲು ಧೈರ್ಯವಿರಲಿಲ್ಲ. ಇಲ್ಲವೆಂದು ಗೊತ್ತಾಗಿಬಿಟ್ಟರೆ?

ಕ್ಲಿನಿಕ್ಕಿನಿಂದ ಬಂದ ಮಧ್ಯಾಹ್ನ ಮಗಳಿಗೆ ಗಂಜಿ ಕುಡಿಸಿ ಮಲಗಿಸಿ, ಅಡುಗೆಮನೆಯಲ್ಲಿ ನಿಂತೇ ಮೊಬೈಲಿನಲ್ಲಿ ಆ ಹುಡುಗನ ಹೆಸರು ಹುಡುಕಿದೆ. ಹಳೇ ತಂಡ ಇಲ್ಲ. ಹೊಸದೊಂದು ತಂಡವಿದೆ, ಈ ವರ್ಷವೇ ಅವರ ಹಾಡುಗಳು ಹೊರಬಂದಿವೆ, ಯಾರೋ ಹೊಸಬ ವಿಮರ್ಶೆ ಬರೆದಿದ್ದಾನೆ. ಕೆಳಗೆ ವಿಡಿಯೋ. ತಲೆ ಬೋಳಾಗಿದೆ, ಹೊಟ್ಟೆ ಬಂದಿದೆ, ಡ್ರಮ್ಮಿನ ಹಿಂದೆ ಅದೇ ಹೆಸರಿನ, ಅದೇ ಊರಿನ ಮನುಷ್ಯ. ಹಾಕಿ ಕೇಳಿದೆ. ಅದೇ ಓಟ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಿಂತಲ್ಲೇ ನಕ್ಕೆ, ಕಣ್ಣಲ್ಲಿ ನೀರೂ ಬಂತು.

"ಮಾವ, ಬಾರ್ಸ್ತ. ಹೌದ್, ಬಾರ್ಸ್ತ" ಎಂದು ಜೋರಾಗಿಯೇ ಹೇಳಿಬಿಟ್ಟೆ.

ಒಳಗಿನಿಂದ ಮಗಳು, ಯಾರ ಹತ್ತಿರ ಮಾತಾಡುತ್ತಿದ್ದೀ ಅಮ್ಮ ಎಂದು ಕೇಳಿದಳು.

"ಒಬ್ರಿಗೆ ಒಂದ್ ವಿಷ್ಯ ಹೇಳೂಕಿತ್ತ್ ಮಗಾ" ಎಂದೆ. "ಅವ್ರ್ ಈಗ ಇಲ್ಲ."