ಹಡಗಿನ ಮೇಲೆ ಎರಡನೇ ಪಂಕ್ತಿ

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಹಡಗು ಬರುತ್ತದೆ, ಸಮುದ್ರ ಬರುತ್ತದೆ, ಸಾಲಾಗಿ ಜೋಡಿಸಿದ ಸಿಹಿತಿನಿಸುಗಳು ಬರುತ್ತವೆ. ಅವುಗಳ ಹಿಂದೆ ಮೆಲ್ಲಗೆ ಅಡಗಿಕೊಂಡುಬಿಡುವ ಜಾತಿಯವನು ನಾನು.

ನನಗೆ ಮಂದಿಯ ದನಿ ಅಣಕಿಸಿ ತೆಗೆಯುವ ಚಟ. ರವಿವಾರ ಪೇಟೆಯ ನಮ್ಮ ಬೆಲ್ಲದ ಅಂಗಡಿಯಲ್ಲಿ ಗಿರಾಕಿಯೆದುರು ದರ ಇಳಿಸುವಾಗಿನ ಕಾಕಾನ ಅಳು ದನಿ, ಆ ಅಳು ಕೇಳಿ ಒಳಗಿನಿಂದ ಅಪ್ಪ ಕೆಮ್ಮುವ ದನಿ, ಶಹಾಪುರದ ನಮ್ಮ ಓಣಿಯಲ್ಲಿ ಕರೆಂಟು ಹೋದಾಗ ಮಗ್ಗಗಳು ನಿಲ್ಲುವ ಸದ್ದು, ಎಲ್ಲ ಬರುತ್ತವೆ. ನೌಕರಿಯ ಸಂದರ್ಶನಕ್ಕೆ ಹೋದಾಗ ಮಾತ್ರ ನನ್ನ ಸ್ವಂತ ದನಿ ತೆಗೆಯುತ್ತೇನೆ. ಅದೊಂದು ಇನ್ನೂ ಯಾರಿಗೂ ಹಿಡಿಸಿಲ್ಲ.

ನನಗೆ ಬರುವ ದನಿಗಳಲ್ಲಿ ಎಲ್ಲಕ್ಕಿಂತ ಚಂದದ್ದು ಖಾನಾಪುರದ ಅತ್ತಿಯದು. ಅತ್ತಿ ಎಂದರೆ ಅಪ್ಪನ ಅಕ್ಕ. ಖಾನಾಪುರದಲ್ಲಿ ಮೂವತ್ತು ವರ್ಷ ಶಾಲೆ ಕಲಿಸಿ ಈ ಮಾರ್ಚಿಗೆ ನಿವೃತ್ತಳಾದಳು. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಪಾಲಿಸುವವಳು ಅತ್ತಿ ಒಬ್ಬಳೇ. ಅಪ್ಪ, ಕಾಕಾ ಅಂಗಡಿ ಮುಚ್ಚಿ ಬರುವಾಗ ಒಂಬತ್ತು ಹೊಡೆದಿರುತ್ತದೆ. ಖಾನಾಪುರದಲ್ಲಿ ಅತ್ತಿಯ ಗಂಡ, ನನ್ನ ಮಾಮಾ, ಹೆಂಚಿನ ಅಂಗಡಿ ಇಟ್ಟಿದ್ದಾನೆ. ಅವನದೂ ಅದೇ ಕಥೆ. ಹೀಗಾಗಿ ಮದುವೆಯಾದಾಗಿನಿಂದ ಅತ್ತಿ ಸಂಜೆ ಆರಕ್ಕೆ ಒಬ್ಬಳೇ ಉಂಡು, ಒಂಬತ್ತಕ್ಕೆ ಉಳಿದವರಿಗೆ ನೀಡುತ್ತಾಳೆ.

ನಿವೃತ್ತಿಗೆ ಏನು ಕೊಡಿಸಲಿ ಎಂದು ಅಪ್ಪ ಕೇಳಿದಾಗ ಆಕೆ ಬಳೆ ಕೇಳಲಿಲ್ಲ, ಸೀರೆ ಕೇಳಲಿಲ್ಲ. "ಆ ದೊಡ್ಡ ಹಡಗಿನ್ಯಾಗ ಜೈನ ಊಟ ಸಿಗತೈತಂತ. ಸಂಜಿ ಐದೂಮುಕ್ಕಾಲಕ್ಕಽ ಒಂದು ಪಂಕ್ತಿ ಹಾಕ್ತಾರಂತ. ಒಮ್ಮೆ ಎಲ್ಲಾರೂ ಒಂದಽ ಟೇಬಲ್ಲಿಗೆ ಕುಂತು, ಹೊತ್ತು ಮುಳುಗೂದ್ರಾಗ ಉಣ್ಣೂಣು. ನೀಡೂದು ಬ್ಯಾರೆದವರು ನೀಡ್ಲಿ. ನಾನೂ ಕುಂದ್ರತೇನಿ," ಎಂದಳು.

ಹಡಗಿನ ಊಟದ ಬಗ್ಗೆ ತಿಳಿಯಬೇಕಾದ ಮೊದಲ ಸಂಗತಿ ಇದೇ. ದೊಡ್ಡ ಡೈನಿಂಗ್ ಹಾಲಿನಲ್ಲಿ ರಾತ್ರಿಯೂಟ ಎರಡು ಪಂಕ್ತಿಯಲ್ಲಿ ನಡೆಯುತ್ತದೆ. ಮೊದಲನೆಯದು ಐದೂಮುಕ್ಕಾಲಕ್ಕೆ, ಎರಡನೆಯದು ಎಂಟೂವರೆಗೆ. ಯಾವುದೆಂದು ಬುಕಿಂಗ್ ಮಾಡುವಾಗಲೇ ಹೇಳಬೇಕು. ಅತ್ತಿ ಮೊದಲನೆಯದನ್ನು ಬರೆಸಿದ್ದಳು. ಏಪ್ರಿಲ್‌ನಲ್ಲಿ ಒಂದು ದಿನ ನಮ್ಮ ಮನೆಗೆ ಬಂದವಳು ಫೋನನ್ನು ಚಾರ್ಜಿಗೆ ಹಚ್ಚಿ ಬಸದಿಗೆ ಹೋದಳು. ಆಗ ಬುಕಿಂಗ್ ಕಚೇರಿಯ ಹುಡುಗಿಯ ಫೋನು ಬಂತು, ನಾನೇ ಎತ್ತಿದೆ.

"ಮೇಡಂ, ನಿಮ್ಮ ಒಂಬತ್ತು ಮಂದಿಗೆ ಮೊದಲನೇ ಪಂಕ್ತಿ ಐತ್ರಿ. ಖಾಯಂ ಮಾಡ್ಲ್ಯಾ?"

ನಾನು ಅತ್ತಿಯ ದನಿ ತೆಗೆದೆ. "ಬ್ಯಾಡವ್ವಾ, ಎರಡನೇದಽ ಹಾಕು. ಸಮುದ್ರದಾಗ ಯಾವ ಹೊತ್ತು, ಯಾವ ಮುಳುಗೂದು! ಮೊದಲ ಕುಣೀತೇನಿ, ಆಮ್ಯಾಲ ಉಣ್ತೇನಿ."

ಹುಡುಗಿ ನಕ್ಕಳು. ನಾನೂ ನಕ್ಕು ಫೋನಿಟ್ಟೆ. ಚೇಷ್ಟೆಯೆಂದು ಆಕೆಗೆ ತಿಳಿದೇ ತಿಳಿದಿರುತ್ತದೆ ಅಂದುಕೊಂಡೆ. ಆಕೆಗೆ ತಿಳಿಯದಷ್ಟು ಚೆನ್ನಾಗಿ ಮಾಡಿದ್ದೆ.

ಮೇ ತಿಂಗಳ ರಜೆಯಲ್ಲಿ ಹೊರಟೆವು. ಅತ್ತಿ, ಮಾಮಾ ಖಾನಾಪುರದಿಂದ ಮಧ್ಯಾಹ್ನವೇ ಶಹಾಪುರಕ್ಕೆ ಬಂದರು. ಇಪ್ಪತ್ತಾರು ಕಿಲೋಮೀಟರ್, ಬಸ್ಸಿಗೆ ಮುಕ್ಕಾಲು ತಾಸು. ಈ ಹಾದಿಯಲ್ಲಿ ನಾವು ಖಾನಾಪುರಕ್ಕೆ ಹೋಗುವುದು ವರ್ಷಕ್ಕೆ ಎರಡು ಸಲ, ಅದೂ ಯಾರಾದರೂ ಕರೆದರೆ. "ಅಂಗಡಿ ಬಿಟ್ಟು ಹೆಂಗ್ ಬರೂದು?" ಎಂಬುದು ಕಾಕಾನ ಮಾತು. ಮುಂಬೈ ಐನೂರು ಕಿಲೋಮೀಟರ್. ಅದಕ್ಕೆ ಅಂಗಡಿಗೆ ನಾಲ್ಕು ದಿನ ಬೀಗ ಬಿತ್ತು, ಯಾರೂ ಹೆಂಗೆ ಎನ್ನಲಿಲ್ಲ.

ಬೆಳಗಾಗುವಾಗ ಬಸ್ಸು ಮುಂಬೈ ಮುಟ್ಟಿತು. ಸೆಕೆ ಎಂದರೆ ಅಂಗಿ ಮೈಗೆ ಅಂಟಿ ಬಿಡದಂಥ ಸೆಕೆ. ಬಂದರಿನಲ್ಲಿ ವಿಮಾನ ನಿಲ್ದಾಣದ ಹಾಗೆಯೇ ಚೀಲಗಳನ್ನು ಯಂತ್ರದೊಳಗೆ ಬಿಡುತ್ತಾರೆ. ಅತ್ತಿಯ ಚೀಲ ಅರ್ಧದಲ್ಲೇ ನಿಂತಿತು. ಕಡಕ್ ಭಕ್ಕರಿ, ಶೇಂಗಾ ಚಟ್ನಿ, ಬೇಸನ್ ಉಂಡಿ. ಮನೆಯಲ್ಲಿ ಮಾಡಿದ ತಿನಿಸು ಹಡಗಿಗೆ ಒಯ್ಯುವಂತಿಲ್ಲ, ಸೀಲು ಹಾಕಿದ ಪ್ಯಾಕೆಟ್ಟಿಗೆ ಮಾತ್ರ ಪರವಾನಗಿ. ಓದುಗರು ಇದನ್ನು ನೆನಪಿಡಬೇಕು. ಮಾಮಾ ಕಾವಲುಗಾರನ ಮುಖ ನೋಡುತ್ತ ಎರಡು ಉಂಡಿಯನ್ನು ಅಲ್ಲೇ ಬಾಯಿಗೆ ಹಾಕಿಕೊಂಡ. "ಇವು ಈಗ ನನ್ನೊಳಗ ಸೀಲ್ ಆದವು" ಎಂದ.

ಅತ್ತಿ ನಕ್ಕಳು. "ಹೋಗ್ಲಿ ಬಿಡು. ಸಂಜಿಮುಂದ ಕುಂತು ಉಣ್ಣಾಕಽ ಬಂದೇವಿ."

ಹಡಗು ಹತ್ತಿದ ಕೂಡಲೇ ಹತ್ತನೇ ಮಹಡಿಯಲ್ಲಿ ಮಧ್ಯಾಹ್ನದ ಬಫೆ. ಮೊದಲ ಸುತ್ತು ಬರಿಗೈಯಲ್ಲಿ ಹಾಕಿ ಏನೇನಿದೆ ಎಂದು ನೋಡಬೇಕು, ಎರಡನೇ ಸುತ್ತಿಗೆ ತಾಟು ಹಿಡಿಯಬೇಕು. ನನ್ನ ಕಾಕಾ ಮೊದಲ ಸುತ್ತಿಗೇ ತಾಟು ಹಿಡಿದ. ದೋಸೆಯ ಮೇಲೆ ಪಾಸ್ತಾ, ಪಾಸ್ತಾದ ಮೇಲೆ ಪನೀರ್, ಅದರ ತುದಿಗೆ ಜಾರುತ್ತಿರುವ ಒಂದು ಗುಲಾಬ್ ಜಾಮೂನು. ಮೂಲೆಯಲ್ಲಿ ಜೈನರಿಗೆಂದೇ ಬೇರೆ ಕೌಂಟರು. ನೆಲದೊಳಗೆ ಬೆಳೆಯುವ ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟೆ, ಗಜ್ಜರಿ ಯಾವುದೂ ಇಲ್ಲ. ಬಾಳೆಕಾಯಿಯ ಪಲ್ಯ ಎಷ್ಟು ರುಚಿಯಾಗಿತ್ತೆಂದರೆ ಅತ್ತಿ ಅಡುಗೆಯವನನ್ನು ಕರೆಸಿ ಮಸಾಲೆ ಕೇಳಿದಳು. ನೀರು, ಚಹಾ ಪುಕ್ಕಟೆ. ಬಾಟಲಿಯ ತಂಪು ಪಾನೀಯ, ಯಂತ್ರದ ಕಾಫಿಯ ದುಡ್ಡು ಕೋಣೆಯ ಕಾರ್ಡಿನ ಮೇಲೆ ಬೀಳುತ್ತದೆ.

ಮಾಮಾ ಕಲ್ಲಂಗಡಿಯಲ್ಲಿ ಕೊರೆದ ಹಂಸದ ಎದುರು ನಿಂತಿದ್ದ. "ಸಮ್ಯಾ, ಇದನ್ನ ತಿಂದರ ಏನಾಕ್ಕೈತೋ?" ಎಂದು ನನ್ನನ್ನು ಕೇಳಿದ.

"ಹಡಗ ಮುಳಗತೈತಿ ಮಾಮಾ."

ಐದೂವರೆಗೆ ಅತ್ತಿ ಹಸಿರು ಇಳಕಲ್ ಸೀರೆ ಉಟ್ಟು ಎಲ್ಲರ ಕೋಣೆಯ ಬಾಗಿಲು ಬಡಿದಳು, ಶಾಲೆಯ ಮಕ್ಕಳನ್ನು ಸಾಲು ಮಾಡಿಸುವ ಹಾಗೆ. ಅಪ್ಪ, ಅವ್ವ, ಕಾಕಾ, ಕಾಕು, ಕಾಕಾನ ಇಬ್ಬರು ಹುಡುಗಿಯರು, ಮಾಮಾ, ನಾನು. ಊಟದ ಹಾಲಿಗೆ ಚಡ್ಡಿ ಹಾಕಿಕೊಂಡು ಹೋಗುವಂತಿಲ್ಲ, ಹಾಗಾಗಿ ಕಾಕಾ ಮದುವೆಯ ಪ್ಯಾಂಟು ತೊಟ್ಟಿದ್ದ. ಬಾಗಿಲಲ್ಲಿ ಮ್ಯಾನೇಜರ್ ಪಟ್ಟಿ ನೋಡಿ ಹಿಂದಿಯಲ್ಲಿ, ನಿಮ್ಮದು ಎಂಟೂವರೆಯ ಪಂಕ್ತಿ ಎಂದ.

"ಇಲ್ಲ, ಮೊದಲನೇದು. ನಾನಽ ಬರಿಸೇನಿ," ಎಂದಳು ಅತ್ತಿ.

ಅವನು ಪರದೆಯ ಮೇಲೆ ಬೆರಳಾಡಿಸಿದ. "ಅಮ್ಮಾ, ನೀವೇ ಫೋನಿನಲ್ಲಿ ಬದಲಾಯಿಸಿದ್ದೀರಿ. ಇಲ್ಲಿ ಬರೆದಿದ್ದಾರೆ, ಮೊದಲು ಕುಣಿಯುತ್ತೇನೆ, ಆಮೇಲೆ ಊಟ ಅಂದಿರಂತೆ." ರಜೆಯ ದಿನಗಳಾದ್ದರಿಂದ ಮೊದಲ ಪಂಕ್ತಿ ತುಂಬಿತ್ತು. ಹತ್ತನೇ ಮಹಡಿಯ ಬಫೆ ಏಳೂವರೆಗೆ ತೆರೆಯುತ್ತದೆ. ಅಷ್ಟರಲ್ಲಿ ಹೊತ್ತು ಮುಳುಗಿರುತ್ತದೆ.

ಅತ್ತಿ ತಿರುಗಿ ನನ್ನನ್ನು ನೋಡಿದಳು. ಒಂದೇ ಸಲ. ಆಕೆಯ ದನಿ ಯಾರಿಗೆ ಬರುತ್ತದೆಂದು ಆಕೆಗೆ ಗೊತ್ತು. ನನ್ನ ಬಾಯಿ ತೆರೆಯಿತು, ದನಿ ಬರಲಿಲ್ಲ. ಅತ್ತಿ ಮತ್ತೆ ಮ್ಯಾನೇಜರನ ಕಡೆ ತಿರುಗಿದಳು.

"ಹೌದಪ್ಪಾ, ನಾನಽ ಅಂದಿದ್ದೆ. ಮರತಿದ್ದೆ."

ಕಾಕಾನ ಹುಡುಗಿಯರು ಕುಣಿದೇ ಬಿಟ್ಟರು. "ಅತ್ತೀ, ನೀ ಕುಣಿಯಾಕಿ? ನಡಿ ಹಂಗಾರ, ಡಿಜೆಗೆ ಹೋಗೂಣು!" ಅಪ್ಪ ಮಾತ್ರ ಸಿಟ್ಟಾದ. "ಅಲ್ಲಕ್ಕಾ, ಇದೊಂದಕ್ಕಽ ಬಂದೇವಿ. ಇಷ್ಟ ಮರೀತಾರೇನ? ವಯಸ್ಸಾತು ನಿನಗ." ಅತ್ತಿ "ಆತಪ್ಪಾ" ಎಂದಳು. ಆಗ ನಾನು ನಾಲ್ಕು ಮಾತು ಆಡಿದ್ದರೆ ಸಾಕಿತ್ತು. ನಾನು ಎಲ್ಲರ ಜೊತೆ ನಕ್ಕೆ.

ಆ ಸಂಜೆ ಅತ್ತಿ ಚಹಾದ ಜೊತೆ ಕೊಟ್ಟಿದ್ದ ಎರಡು ಬಾಳೆಹಣ್ಣು ತಿಂದಳು. ಎಂಟೂವರೆಗೆ ನಮ್ಮೊಂದಿಗೆ ಹಾಲಿಗೆ ಬಂದಳು. ದುಂಡನೆಯ ಟೇಬಲ್ಲು, ಬಿಳಿ ಬಟ್ಟೆ, ಒಂಬತ್ತು ಕುರ್ಚಿ. ಪ್ರಯಾಣ ಮುಗಿಯುವತನಕ ಅದೇ ಟೇಬಲ್ಲು, ನೀಡುವವನೂ ಅವನೇ. ನಮಗೆ ಸಿಕ್ಕವನು ಮರಾಠಿ ಸೀಮೆಯ ಮಾಲವಣದವನು. ಅತ್ತಿಯ ಮರಾಠಿ ಕೇಳಿ ಮುಖವರಳಿಸಿ "ಮಾವಶೀ", ಅಂದರೆ ಚಿಗವ್ವ, ಎಂದು ಕರೆಯತೊಡಗಿದ. ಅತ್ತಿ ತನ್ನ ತಾಟನ್ನು ಬೋರಲು ಹಾಕಿ ಕುಳಿತಳು. ಹೊತ್ತು ಮುಳುಗಿದ ಮೇಲೆ ಆಕೆಗೆ ನೀರೂ ಇಲ್ಲ. ಊಟ ಒಂದೊಂದೇ ಬಗೆಯಾಗಿ ಬರುತ್ತದೆ. ಸಾರು, ಮೇಲೊಂದು ಕುರುಕಲು, ಆಮೇಲೆ ರೊಟ್ಟಿ ಪಲ್ಯ, ಕೊನೆಗೆ ಸಿಹಿ. ಒಂದೂವರೆ ತಾಸು ಕೂರಬೇಕು. ಅರ್ಧ ತಾಸಿನಲ್ಲೇ ಅತ್ತಿಯ ಕೈ ತಾನಾಗಿ ಚಪಾತಿಯ ಬುಟ್ಟಿಗೆ ಹೋಯಿತು. "ಇನ್ನೊಂದು ತಗೋರಿ," ಎಂದು ಮಾಮಾನ ತಾಟಿಗೆ ಹಾಕಿದಳು. ಕಾಕಾನಿಗೆ ಪಲ್ಯ ನೀಡಿದಳು. ಮಾಲವಣದವನು ಓಡಿ ಬಂದು "ಮಾವಶೀ, ಅದು ನನ್ನ ಕೆಲಸ. ನೀವು ಕೂರಿ" ಎಂದ.

"ಕುಂತೇನಲ್ಲಪ್ಪಾ," ಎಂದಳು ಅತ್ತಿ.

ಎರಡನೇ ದಿನ ಪೂರ್ತಿ ಸಮುದ್ರ. ಗಾಳಿ ಬಿಸಿಯಾಗಿತ್ತು, ಅಲೆ ಅಷ್ಟೇನೂ ಇರಲಿಲ್ಲ. ಬೆಳಗಿನ ತಿಂಡಿಗೆ ಅವಲಕ್ಕಿ, ಇಡ್ಲಿ, ಬ್ರೆಡ್ಡು. ಎಂಟರ ಒಳಗೆ ಹೋದರೆ ಕಿಟಕಿಯ ಬದಿಯ ಜಾಗ ಸಿಗುತ್ತದೆ, ಒಂಬತ್ತಕ್ಕೆ ಹೋದರೆ ಸಾಲು. ಈ ತಿಳಿವಳಿಕೆಯೆಲ್ಲ ನನಗೆ ಬಂದದ್ದು ಖಾಲಿ ತಾಟು ಹಿಡಿದು ಅಲ್ಲಿ ಇಲ್ಲಿ ಅಲೆದಾಡಿದ್ದರಿಂದ.

ತಪ್ಪನ್ನು ಸರಿಪಡಿಸಲು ನನಗೆ ಹೊಳೆದದ್ದು ಇನ್ನೊಂದು ದನಿ. ಹಡಗಿನ ತುಂಬ ಗಂಟೆಗೊಮ್ಮೆ ಘೋಷಣೆ ಮಾಡುವ ಅಧಿಕಾರಿಯ ಇಂಗ್ಲಿಷನ್ನು ಬೆಳಗಿನಿಂದ ಕೇಳಿ ಕಲಿತಿದ್ದೆ. ಕೋಣೆಯ ಫೋನಿನಿಂದ ಊಟದ ಹಾಲಿಗೆ ಕರೆ ಮಾಡಿ, ಅದೇ ಗತ್ತಿನಲ್ಲಿ, ನಮ್ಮ ಟೇಬಲ್ಲಿನ ಒಂಬತ್ತು ಮಂದಿಯನ್ನು ಮೊದಲ ಪಂಕ್ತಿಗೆ ಹಾಕಲು ಅಪ್ಪಣೆ ಕೊಟ್ಟೆ.

ಮ್ಯಾನೇಜರ್ ಪೂರ್ತಿ ಕೇಳಿಸಿಕೊಂಡ. "ಸರ್, ನಿಮ್ಮ ಕೋಣೆಯ ನಂಬರು ನನ್ನ ಫೋನಿನ ಮೇಲೆ ಕಾಣುತ್ತಿದೆ. ದನಿ ಚೆನ್ನಾಗಿದೆ, ಕುರ್ಚಿ ಇಲ್ಲ. ಒಂದೇ ಒಂದು ಖಾಲಿಯಾಗಿತ್ತು. ಅದನ್ನು ಆಗಲೇ ನಿಮ್ಮ ಟೇಬಲ್ಲಿನ ಆ ಅಮ್ಮನಿಗೆ ಕೊಟ್ಟಿದ್ದೇನೆ."

ಸಂಜೆ ಆರಕ್ಕೆ ಹಾಲಿನ ಗಾಜಿನ ಬಾಗಿಲ ಹೊರಗೆ ನಿಂತು ನೋಡಿದೆ. ಯಾರದೋ ಗುಜರಾತಿ ಕುಟುಂಬದ ಟೇಬಲ್ಲಿನ ಕೊನೆಗೆ ಅತ್ತಿ ಕುಳಿತಿದ್ದಳು, ಅದೇ ಹಸಿರು ಸೀರೆಯಲ್ಲಿ. ಆ ಮನೆಯವರು ತಮ್ಮತಮ್ಮಲ್ಲೇ ನಗುತ್ತಿದ್ದರು. ನಡುನಡುವೆ ಮರ್ಯಾದೆಗೆಂದು ಈಕೆಯ ಕಡೆಗೂ ನಗುತ್ತಿದ್ದರು. ಅತ್ತಿ ಮನೆಯಲ್ಲಿ ಉಣ್ಣುವ ಹಾಗೆಯೇ ಉಂಡಳು, ತಲೆ ತಗ್ಗಿಸಿ, ಬೇಗ ಬೇಗ. ಹತ್ತು ನಿಮಿಷಕ್ಕೆ ಎದ್ದುಬಿಟ್ಟಳು. ಮಾಲವಣದವನು ಸಿಹಿ ಇನ್ನೂ ಬರುವುದಿದೆ ಎಂದು ಕೈ ಮಾಡುತ್ತಿದ್ದ. ಡೆಕ್ಕಿನ ಮೇಲೆ ನಮ್ಮ ಮನೆಯ ಏಳು ಮಂದಿ ಮುಳುಗುವ ಸೂರ್ಯನ ಫೋಟೋ ಹಿಡಿಯುತ್ತಿದ್ದರು.

ಎಂಟೂವರೆಗೆ ಆಕೆ ಮತ್ತೆ ಬಂದು, ತಾಟು ಬೋರಲು ಹಾಕಿ, ನಮ್ಮ ನಡುವೆ ಕುಳಿತಳು. ಮಾಲವಣದವನು "ಮಾವಶೀ, ಜೇವಣ ಝಾಲಂ ಕಾ?" ಎಂದು ಕೇಳಿದ. ಊಟ ಆಯಿತೇ ಎಂದು. ತಾನೇ ನೀಡಿದ್ದ, ಆದರೂ ಕೇಳಿದ. ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಮೂರನೇ ಬೆಳಿಗ್ಗೆ ಗೋವಾ. ಇಳಿಯುವ ದಿನದ ತಿಂಡಿ ಬೇಗ ಮುಗಿಯುತ್ತದೆ, ಎಂಟರ ನಂತರ ತಾಟು ಎತ್ತಿಬಿಡುತ್ತಾರೆ. ಬಂದರಿನ ಹೊರಗೆ ಬಾಡಿಗೆ ಟೆಂಪೋ ಕಾದಿತ್ತು. ಹುಡುಗಿಯರ ಹಟಕ್ಕೆ ಮಧ್ಯಾಹ್ನದವರೆಗೆ ಬೀಚು ಸುತ್ತಿ, ಅನಮೋಡ ಘಾಟು ಹತ್ತಿದೆವು. ಲೋಂಡಾದ ತನಕ ರಸ್ತೆ ನಮ್ಮನ್ನು ಚೆನ್ನಾಗಿ ಕುಲುಕಿತು. ಕಾಕಾ ಹಡಗಿನ ಊಟವನ್ನು ಬಗೆಬಗೆಯಾಗಿ ನೆನೆದ. ಹುಡುಗಿಯರು "ಅತ್ತಿಗೆ ಮರೆವು, ಅತ್ತಿ ಡ್ಯಾನ್ಸರ್" ಎಂದು ಹಾಡು ಕಟ್ಟಿದರು. ಅಪ್ಪ ಇನ್ನೂ ಗುರುಗುಟ್ಟುತ್ತಿದ್ದ. "ನಾವಿಬ್ಬರೂ ಅಣ್ಣತಮ್ಮ ಕೂಡಿ ಅಂಗಡಿ ಮುಚ್ಚೂದು ಇನ್ನ ಯಾವಾಗ ಆಗಬೇಕು ಅಕ್ಕಾ? ಒಂದು ಫೋನಿನ ಮಾತು ನೆನಪಿಡಾಕ ಆಗಲಿಲ್ಲ ನಿನಗ."

ಐದೂಮುಕ್ಕಾಲಕ್ಕೆ ಖಾನಾಪುರ. ಟೆಂಪೋ ಅತ್ತಿಯ ಮನೆಯ ಮುಂದೆ ನಿಂತಿತು. ಮಾಮಾ ಚೀಲ ಇಳಿಸಿದ. ಅತ್ತಿ ಬೀಗ ತೆಗೆದು, ಒಳಗೆ ಹೋಗುವ ಮೊದಲೇ ಮುಗಿಲು ನೋಡಿದಳು. ಹೊತ್ತು ಎಷ್ಟು ಉಳಿದಿದೆ ಎಂಬ ಲೆಕ್ಕ. ನಾನು ಕೆಳಗಿಳಿದೆ.

"ಅಪ್ಪಾ, ಅತ್ತಿ ಮರತಿಲ್ಲ. ಆ ಫೋನ್ ನಾ ತಗೊಂಡಿದ್ದೆ. ಅತ್ತಿ ದನಿ ತಗದು ನಾನಽ ಹೇಳಿದ್ದೆ."

ಟೆಂಪೋದೊಳಗೆ ಹಾಡು ನಿಂತಿತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ನಡೆಯುತ್ತಿತ್ತು. ಅಕ್ಕನ ಮುಖ ನೋಡಿದ, ಆಮೇಲೆ ತನ್ನ ಚಪ್ಪಲಿ ನೋಡಿದ.

ಅತ್ತಿ ಸೆರಗು ಸಿಕ್ಕಿಸಿಕೊಂಡು, "ಗೊತ್ತಿತ್ತು ಬಿಡೋ. ನಾ ಎಲ್ಲಿ ಕುಣಿಯಾಕಿ?" ಎಂದಳು.

"ಮತ್ತ ಯಾಕ ನಿನ್ನ ಮ್ಯಾಲ ಹಾಕ್ಕೊಂಡಿ?" ಎಂದೆ.

"ಅಷ್ಟ ಮಂದ್ಯಾಗ ನಿನ್ನ ಬಾಯಿ ಕಟ್ಟಿದ್ದು ಅದಽ ಮೊದಲನೇ ಸಲ ನೋಡಿದೆ. ಪಾಪ ಅನಿಸ್ತು."

ನನಗೆ ನಗು ಬರಲಿಲ್ಲ. ನನ್ನ ಸ್ವಂತ ದನಿಯಲ್ಲಿ, ಅಂದರೆ ಯಾರಿಗೂ ಹಿಡಿಸದ ಆ ದನಿಯಲ್ಲಿ, "ಮುಂದಿನ ವರ್ಷ ಮತ್ತ ಹೋಗೂಣು ಅತ್ತಿ. ಎಲ್ಲಾರೂ. ಮೊದಲನೇ ಪಂಕ್ತಿ," ಎಂದೆ. ಅಪ್ಪ, ಕಾಕಾ ಇಬ್ಬರೂ "ಹೌದಕ್ಕಾ, ಖರೇನ, ಹೋಗೂಣು" ಎಂದು ದನಿಗೂಡಿಸಿದರು.

ಅತ್ತಿ ಹೊಸ್ತಿಲ ಒಳಗೆ ಒಂದು ಕಾಲಿಟ್ಟು ತಿರುಗಿದಳು.

"ಅಷ್ಟ ದೂರ ಯಾಕೋ? ನಾ ದಿನಾ ಆರಕ್ಕ ಉಣ್ತೇನಿ, ಇಲ್ಲೇ. ಶಹಾಪುರದಿಂದ ಇಪ್ಪತ್ತಾರು ಕಿಲೋಮೀಟರ್. ಅದಕ್ಕ ಹಡಗ ಬೇಕಾಗೂದಿಲ್ಲ."