ಒಂದು ಹೆಗ್ಗಣಕ್ಕೆ ಒಂದೇ ಚರೆ

ಹಲಸೂರಿನ ಪಿಳ್ಳಪ್ಪ ಹನ್ನೆರಡು ವರ್ಷ ಬಂದೂಕಿನ ಎದುರಿಗೇ ಕೂತು ಅನ್ನ ತಿಂದವನು. ದಂಡಿನ ಸೋಲ್ಜರುಗಳು ಗುರಿ ಕಲಿಯುವ ಬಯಲಿನಲ್ಲಿ, ಹಳ್ಳದೊಳಗೆ ಕೂತು ಗುರಿಹಲಗೆ ಮೇಲೆತ್ತುವುದು ಅವನ ಕೆಲಸ. ಗುಂಡು ತಲೆಯ ಮೇಲೆ ಹಾದು ಹಲಗೆಯ ಕಾಗದ ತೂತು ಮಾಡುತ್ತಿತ್ತು. ಹಲಗೆ ಇಳಿಸಿ, ಗಂಜಿ ಹಚ್ಚಿದ ಕಾಗದದ ಚೂರಿನಿಂದ ತೂತು ಮುಚ್ಚಿ, ಗುಂಡು ಎಲ್ಲಿ ಬಿತ್ತು ಎಂದು ಕೋಲಿನಿಂದ ತೋರಿಸಬೇಕು. ಅಷ್ಟು ವರ್ಷದಲ್ಲಿ ಒಮ್ಮೆಯೂ ಬಂದೂಕು ಅವನ ಕೈಗೆ ಬರಲಿಲ್ಲ.

ಕೈಗೆ ಬಂದದ್ದು ಸಾವಿರದ ಒಂಬೈನೂರ ನಲವತ್ಮೂರರಲ್ಲಿ, ಅಂಜನಮೂರ್ತಿಯವರ ರೇಷನ್ ಡಿಪೋದ ಕಾವಲಿಗೆ ಸೇರಿದ ಮೇಲೆ. ಡಿಪೋಗೆ ಹೆಗ್ಗಣ ಬಿದ್ದಿದ್ದವು. ಬೆಕ್ಕೇ ಅವಕ್ಕೆ ಹೆದರಿ ಓಡುತ್ತಿತ್ತು. ಬೋನನ್ನು ಅವು ಮೂಸಿಯೂ ನೋಡುತ್ತಿರಲಿಲ್ಲ. ಅಂಜನಮೂರ್ತಿ ಪಾಷಾಣ ತರಿಸಿದರು.

"ಹಿಟ್ನಲ್ಲಿ ಕಲಸಿ ಉಂಡೆ ಮಾಡಿ ಇಟ್ಬಿಡು," ಎಂದರು.

ಪಿಳ್ಳಪ್ಪ ಪೊಟ್ಟಣ ಮುಟ್ಟಲಿಲ್ಲ. "ಬ್ಯಾಡಿ ಸ್ವಾಮಿ."

"ಯಾಕೆ?"

"ಹೆಂಗಸ್ರು ಬರ್ತಾರೆ."

ಡಿಪೋದ ಹಿಂದಿನ ಗುಡಿಸಲುಗಳ ಹೆಂಗಸರು ದಿನಾ ಬೆಳಗ್ಗೆ ಅಂಗಳಕ್ಕೆ ಬರುತ್ತಿದ್ದರು. ಮೂಟೆ ಇಳಿಸುವಾಗ ಚೆಲ್ಲಿದ ಅಕ್ಕಿಯನ್ನು ಮಣ್ಣಿನ ಸಮೇತ ಗುಡಿಸಿಕೊಂಡು, ಮೊರದಲ್ಲಿ ಕೇರಿ, ಕಲ್ಲು ಆರಿಸಿ ಮಕ್ಕಳಿಗೆ ಬೇಯಿಸಿ ಹಾಕುತ್ತಿದ್ದರು. ರೇಷನ್ನಿನ ಅಕ್ಕಿ ಯಾರಿಗೂ ಸಾಲದ ಕಾಲ. ಹೆಗ್ಗಣ ಉಂಡೆಯನ್ನು ಎಳೆದಾಡಿ ಪುಡಿ ಮಾಡಿದರೆ ಆ ಪುಡಿ ಯಾರ ಮಡಕೆ ಸೇರುತ್ತದೋ ಯಾರು ಬಲ್ಲರು?

"ಬರ್ಬೇಡಿ ಅಂತ ಹೇಳು ಅವ್ರಿಗೆ."

"ಹೊಟ್ಟೆಗೆ ಹೇಳಕ್ಕಾಗಲ್ಲ ಸ್ವಾಮಿ."

ಅಂಜನಮೂರ್ತಿ ಕೆಟ್ಟವರಲ್ಲ. ಮನೆಯ ಅಟ್ಟದಿಂದ ಒಂದು ಏರ್‌ಗನ್ ಇಳಿಸಿ ತಂದರು. ಲಡಾಯಿಗೆ ಹೋದ ಬೆನ್ಸನ್ ಟೌನಿನ ದೊರೆಯೊಬ್ಬ ಕೊಟ್ಟು ಹೋಗಿದ್ದಂತೆ.

"ಹತ್ತು ದಿನ ಕೊಡ್ತೀನಿ. ಆಮೇಲೂ ಹೆಗ್ಗಣ ಕಂಡ್ರೆ ಉಂಡೆ ಇಡೋದೇ. ನನ್ ಡಿಪೋನೂ ಉಳೀಬೇಕಲ್ಲಪ್ಪ."

ಅವತ್ತು ಸಂಜೆಯೇ ಒಂದು ಹೆಗ್ಗಣ ಮೂಟೆ ಸಂದಿಯಿಂದ ಹೊರಬಂತು. ಪಿಳ್ಳಪ್ಪ ಹೊಡೆದ. ಸೀಸದ ಚರೆ ಪಕ್ಕೆಗೆ ತಗುಲಿತು. ಹೆಗ್ಗಣ ಸಾಯಲಿಲ್ಲ, ತೆವಳಿಕೊಂಡು ಚಪ್ಪಡಿಯ ಕೆಳಗೆ ಹೋಗಿ ಕೀಚುಗುಟ್ಟತೊಡಗಿತು. ಪಿಳ್ಳಪ್ಪ ಹಾರೆ ತಂದು, ಚಪ್ಪಡಿ ಮೀಟಿ, ಒಂದೇ ಏಟಿಗೆ ಅದರ ನೋವು ಮುಗಿಸಿದ. ಆಮೇಲೆ ಹಾರೆ ಹಿಡಿದುಕೊಂಡೇ ಅಲ್ಲಿ ಕೂತುಬಿಟ್ಟ. ಪಾಷಾಣ ಬೇಡ ಅಂದವನು ತಾನು. ಇದು ಪಾಷಾಣಕ್ಕಿಂತ ಏನು ಮೇಲಾಯಿತು?

ಒಂದು ಹೆಗ್ಗಣಕ್ಕೆ ಒಂದೇ ಚರೆ. ನಿಂತ ಜಾಗದಲ್ಲೇ ಪ್ರಾಣ ಹೋಗಬೇಕು. ಹೋಗುತ್ತದೆ ಎಂಬ ಗ್ಯಾರಂಟಿ ಇಲ್ಲದಿದ್ದರೆ ಬಂದೂಕಿನ ಕುದುರೆ ಎಳೆಯಬಾರದು. ಹಾಗಂತ ಮನಸ್ಸಿನಲ್ಲೇ ಗಂಟು ಹಾಕಿಕೊಂಡ.

ಮೊದಲು ಗನ್ನಿಗೆ ಬಲ ಬರಬೇಕಲ್ಲ. ಸೋಲ್ಜರುಗಳ ಬಂದೂಕು ಕಿವಿ ಒಡೆಯುವಂತೆ ಸಿಡಿಯುತ್ತಿತ್ತು. ಇದು ಬರೀ ಟುಪ್ ಎನ್ನುತ್ತದೆ. ಪಿಳ್ಳಪ್ಪ ಅದರ ಗಾಳಿ ತೂತಿಗೆ ಎರಡು ಚಮಚ ಕಡಲೆಕಾಯಿ ಎಣ್ಣೆ ಬಿಟ್ಟ. ಮಾರನೆಯ ದಿನ ಹಿತ್ತಲಲ್ಲಿ ಹೊಡೆದು ನೋಡಿದರೆ ಢಂ ಎಂದಿತು, ಹೊಗೆಯೂ ಬಂತು. ಸದ್ದು ಬಂತು, ಇನ್ನು ಬಲವೂ ಬಂತು ಎಂದುಕೊಂಡ.

ಗುಡಿಸಲ ಕಡೆಯಿಂದ ಚಿಕ್ಕಮುನಿಯಮ್ಮ ಮೂಗು ಅರಳಿಸಿದಳು. ಅಂಗಳ ಗುಡಿಸುವ ಹೆಂಗಸರಲ್ಲಿ ಅವಳೇ ಹಿರಿಯಳು. "ಏನ್ ಪಿಳ್ಳಣ್ಣ, ಒಗ್ಗರಣೆ ಹಾಕ್ತಿದೀಯಾ? ನಂಗೂ ಒಂದ್ ತುತ್ತು ಇಕ್ಕು."

ಆದರೆ ಹಳೇ ಅಭ್ಯಾಸ. ಕಾಗದ ನೋಡದೆ ಪಿಳ್ಳಪ್ಪ ಯಾವ ಬಂದೂಕನ್ನೂ ನಂಬುವವನಲ್ಲ. ಟೀ ಪೆಟ್ಟಿಗೆಯ ಹಲಗೆಗೆ ಕಾಗದ ಅಂಟಿಸಿ, ಹತ್ತು ಹೆಜ್ಜೆ ದೂರದಿಂದ, ಗನ್ನನ್ನು ಮೂಟೆಯ ಮೇಲೊರಗಿಸಿ ಐದು ಚರೆ ಹೊಡೆದ. ಐದೂ ಐದು ಕಡೆ. ಒಂದು ಹಲಗೆ ದಾಟಿಹೋಗಿತ್ತು, ಇನ್ನೊಂದು ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಪಿಳ್ಳಪ್ಪನಿಗೆ ಅಕ್ಷರ ಓದಲು ಬಾರದು, ತೂತು ಓದಲು ಬರುತ್ತಿತ್ತು. ಗನ್ನನ್ನು ಗೋಣಿಯಲ್ಲಿ ಸುತ್ತಿಕೊಂಡು ಈಗಿನ ಶಿವಾಜಿನಗರಕ್ಕೆ ನಡೆದ.

ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಬೀಗ, ಬಂದೂಕು ರಿಪೇರಿ ಮಾಡುವ ಮುನೀರ್ ಗನ್ನಿನ ನಳಿಗೆ ಮಡಚಿ ಒಳಗೆ ನೋಡಿದ. ಬೆರಳಿಗೆ ಜಿಡ್ಡು ಹತ್ತಿತು.

"ಏನ್ರೀ ಪಿಳ್ಳಪ್ಪ, ಇದು ಬಂದೂಕಾ, ಬೋಂಡಾ ಬಾಣ್ಲೀನಾ?"

ಪಿಳ್ಳಪ್ಪ ಗೋಣಿಯನ್ನು ಮಡಚಿಟ್ಟ.

"ಎಣ್ಣೆ ಒಳಗೆ ಸುಟ್ಟು ಢಂ ಅನ್ನುತ್ತೆ. ಒಂದ್ಸಲ ಜಾಸ್ತಿ, ಒಂದ್ಸಲ ಕಮ್ಮಿ. ಚರೆ ಹೆಂಗ್ರೀ ಒಂದೇ ಕಡೆ ಹೋಗುತ್ತೆ? ವಾಷರ್ರೂ ಖರಾಬ್ ಆಯ್ತು." ಗನ್ ಪಕ್ಕಕ್ಕಿಟ್ಟ. "ರಿಪೇರಿ ಮಾಡಿದ್ರೂ ಇದು ಸಣ್ಣ ನಳಿಗೆ. ಮಕ್ಳು ಡಬ್ಬ ಹೊಡ್ಯೋದು. ಇಲಿಗೆ ಸೈ. ಹೆಗ್ಗಣಕ್ಕೆ ಆಗಲ್ಲ ಭಾಯ್."

"ಆಗೋದು ಯಾವ್ದು?"

ರಿಪೇರಿಗೆ ಬಂದು ಯಾರೂ ಕೇಳದೆ ಉಳಿದ ಎರಡು ಗನ್ನುಗಳನ್ನು ಮುನೀರ್ ಗೋಡೆಯಿಂದ ಇಳಿಸಿದ. ಎರಡಕ್ಕೂ ದೊಡ್ಡ ನಳಿಗೆ. ಹೊಡೆದು ತೋರಿಸಿದಾಗ ಒಂದರ ಚರೆ ಹಲಗೆಯೊಳಕ್ಕೆ ಪೂರಾ ಹೊಕ್ಕು ಅಲ್ಲೇ ನಿಂತಿತು. ಇನ್ನೊಂದರದು ಹಲಗೆ ತೂರಿ ಹಿಂದಿನ ಡಬ್ಬವನ್ನೂ ತೂರಿತು. "ಇದು ಶೇರ್, ಹುಲಿ," ಎಂದ ಮುನೀರ್. "ತಗೊಂಡ್ ಹೋಗ್ರೀ."

ಪಿಳ್ಳಪ್ಪನಿಗೆ ಡಿಪೋದ ಹಿಂಬದಿ ಕಣ್ಣಿಗೆ ಕಟ್ಟಿತು. ಅಲ್ಲಿರುವುದು ತಗಡಿನ ಗೋಡೆ, ಅದರಾಚೆ ಗುಡಿಸಲು. ಮೊದಲಿನದನ್ನೇ ಕೈಗೆತ್ತಿಕೊಂಡ. "ಇದ್ ಸಾಕು."

"ಜೋರಿಂದು ಬ್ಯಾಡ್ವಾ?"

"ಹೆಗ್ಗಣ ಸಾಯ್ಬೇಕು. ತಗಡು ಸಾಯ್ಬಾರ್ದು."

ಮುನೀರ್ ನಕ್ಕು, ಚರೆಯ ಎರಡು ಡಬ್ಬಿ ಮುಂದಿಟ್ಟ. ಒಂದರಲ್ಲಿ ಚೂಪು ಮೂತಿಯವು, ನೋಡಿದರೇ ಭಯವಾಗುವಂಥವು. ಇನ್ನೊಂದರಲ್ಲಿ ಬೋಳು ತಲೆಯವು, ನಡು ಸಣ್ಣ, ಹಿಂದೆ ಲಂಗದ ಹಾಗೆ ಟೊಳ್ಳು. ಪಿಳ್ಳಪ್ಪ ಎರಡರಲ್ಲೂ ಐದೈದು ಹೊಡೆದು ಕಾಗದ ನೋಡಿದ. ಚೂಪಿನವು ಅಂಗೈ ಅಗಲ ಚೆದುರಿದ್ದವು. ಬೋಳು ತಲೆಯ ಐದೂ ಒಂದು ನಾಲ್ಕಾಣೆ ಬಿಲ್ಲೆಯ ಕೆಳಗೆ ಮುಚ್ಚಿಹೋಗುತ್ತಿದ್ದವು.

"ಬೋಳಂದು ಕೊಡಿ."

"ಹಳೇ ಸ್ಟಾಕು. ಲಡಾಯಿ ಶುರುವಾದ ಮೇಲೆ ಹೊಸದು ಬಂದಿಲ್ಲ. ಲಂಗ ನಗ್ಗಿರೋದು ಇರುತ್ತೆ, ನೋಡ್ಕೊಳ್ಳಿ. ಹತ್ತು ಹೆಜ್ಜೆ ಒಳಗೆ, ಕಣ್ಣಿಗೂ ಕಿವಿಗೂ ಮಧ್ಯ ಹೊಡೀರಿ. ಬೇರೆ ಕಡೆ ಬ್ಯಾಡ."

ಡಿಪೋದ ಜಗುಲಿಯಲ್ಲಿ ಪಿಳ್ಳಪ್ಪ ಚರೆಗಳನ್ನು ತಟ್ಟೆಗೆ ಸುರಿದು, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡತೊಡಗಿದ. ಚಿಕ್ಕಮುನಿಯಮ್ಮ ಸ್ವಲ್ಪ ಹೊತ್ತು ನೋಡಿದಳು. "ಹಿಂಗ್ ನೋಡ್ತಾ ಕೂತ್ರೆ ಹೆಗ್ಗಣಗಳು ಮೊಮ್ಮಕ್ಕಳ ಮದ್ವೆ ಮಾಡ್ತವೆ. ಕೊಡಿಲ್ಲಿ."

ಚರೆಗಳನ್ನು ಮೊರಕ್ಕೆ ಹಾಕಿ ಓರೆ ಮಾಡಿದಳು. ಸರಿಯಾದವು ಒಂದೇ ಕಡೆಗೆ ಬಾಗಿ ಉರುಳಿದವು; ನಗ್ಗಿದವು ತಟಪಟ ಕುಪ್ಪಳಿಸಿ ಹಿಂದೆ ಉಳಿದವು. ಕಲ್ಲು ಆರಿಸಿ ಪಳಗಿದ ಬೆರಳು ಅವನ್ನು ಹೆಕ್ಕಿ ಹೆಕ್ಕಿ ಎಸೆಯಿತು.

ಎಷ್ಟು ಜಾಣತನ ಎಂದು ಪಿಳ್ಳಪ್ಪನಿಗೆ ಅನ್ನಿಸಿತು. ಬೆಲ್ಲದ ಚೂರೊಂದನ್ನು ಅವಳ ಮೊರದಲ್ಲಿಟ್ಟ.

ಅಲ್ಲಿಗೆ ಮೂರು ದಿನ ಕಳೆದಿತ್ತು. ಚರೆ ಆಚೆ ಹೋಗದ ಹಾಗೆ ಮಣ್ಣು ತುಂಬಿದ ಮೂಟೆ ನಿಲ್ಲಿಸಿ, ಅದರ ಮುಂದೆ ಸುಟ್ಟ ಕೊಬ್ಬರಿಯನ್ನು ಮೊಳೆ ಹೊಡೆದು ನೆಲಕ್ಕೆ ಕೂರಿಸಿದ. ಎಳೆದುಕೊಂಡು ಓಡಲಾಗದೆ ಹೆಗ್ಗಣ ಅಲ್ಲೇ ನಿಂತು ಕೆರೆಯಬೇಕು, ಹಾಗೆ. ದಿನಾ ಬಾಗಿಲು ಹಾಕಿದ ಮೇಲೆ, ಬೆಳಕು ಇರುವಷ್ಟು ಹೊತ್ತು ಕೂತ. ಆರು ಸಂಜೆಗೆ ಹನ್ನೊಂದು ಬಿದ್ದವು, ಹನ್ನೊಂದಕ್ಕೆ ಹನ್ನೊಂದೇ ಚರೆ. ತಲೆ ಸರಿಯಾಗಿ ಸಿಗದೆ ಬಿಟ್ಟವು ಎಷ್ಟೋ. ಬಿಲಗಳಿಗೆ ಗಾಜಿನ ಚೂರು, ಗಾರೆ ತುಂಬುತ್ತ ಬಂದ. ಕೊನೆಗೆ ಒಂದೇ ಬಿಲ ಉಳಿಯಿತು, ಅದರಲ್ಲೊಂದು ಮುದಿ ಹೆಗ್ಗಣ.

ಹತ್ತನೆಯ ಸಂಜೆ ಅಂಜನಮೂರ್ತಿ ಪಾಷಾಣದ ಪೊಟ್ಟಣ ಜೇಬಿನಲ್ಲಿಟ್ಟುಕೊಂಡೇ ಬಂದು ಪಕ್ಕದಲ್ಲಿ ಕೂತರು. ಹೆಗ್ಗಣ ಬಂತು. ಬೆನ್ನು ಇತ್ತ, ತಲೆ ಅತ್ತ. ಗುಡ್ಡದಂಥ ಬೆನ್ನು.

"ಹೊಡಿಯಪ್ಪ," ಎಂದು ಪಿಸುಗುಟ್ಟಿದರು.

ಪಿಳ್ಳಪ್ಪ ಅಲ್ಲಾಡಲಿಲ್ಲ.

"ಹೋಗ್ಬಿಡುತ್ತೆ. ಹೋದ್ರೆ ನಾನ್ ಉಂಡೆ ಇಡ್ತೀನಿ, ನೋಡ್ಕೋ."

"ತಲೆ ಕಾಣ್ತಿಲ್ಲ ಸ್ವಾಮಿ."

ಮಾತು ಕೇಳಿ ಹೆಗ್ಗಣ ಬಿಲದತ್ತ ಸರಿಯಿತು. ಅಂಜನಮೂರ್ತಿ ಜೇಬಿಗೆ ಕೈ ಹಾಕಿದರು. ಪಿಳ್ಳಪ್ಪನ ಬೆರಳು ಮಾತ್ರ ಕುದುರೆ ಮುಟ್ಟಲಿಲ್ಲ. ಬಿಲದ ಬಾಯಲ್ಲಿ ಅದು ನಿಂತಿತು. ಕೊಬ್ಬರಿಯ ವಾಸನೆ ಬಿಡಲಿಲ್ಲವೇನೋ, ತಿರುಗಿ ಬಂತು. ಅಡ್ಡ ನಿಂತು ಕೆರೆಯತೊಡಗಿತು.

ಟುಪ್.

ಹೆಗ್ಗಣ ನಿಂತಲ್ಲೇ ಮಲಗಿತು. ಪಿಳ್ಳಪ್ಪ ಹತ್ತಿರ ಹೋಗಿ ಹುಲ್ಲುಕಡ್ಡಿಯಿಂದ ಅದರ ಕಣ್ಣು ಮುಟ್ಟಿ ನೋಡಿದ. ರೆಪ್ಪೆ ಮಿಸುಕಲಿಲ್ಲ.

"ಸದ್ದೇ ಇಲ್ವಲ್ಲಪ್ಪ," ಎಂದರು ಅಂಜನಮೂರ್ತಿ. ಪೊಟ್ಟಣವನ್ನು ಇನ್ನೂ ಒಳಕ್ಕೆ ತುರುಕಿಕೊಂಡು ಮನೆಗೆ ಹೋದರು.

ಪಿಳ್ಳಪ್ಪ ಗಾರೆ ಕಲಸಿ ಕೊನೆಯ ಬಿಲ ಮುಚ್ಚಿದ. ಬೆಳಗ್ಗೆ ಲಾರಿ ಬಂತು, ಮೂಟೆ ಇಳಿಯಿತು, ಎಂದಿನಂತೆ ಅಕ್ಕಿ ಚೆಲ್ಲಿತು. ಮೊರ, ಪೊರಕೆ ಹಿಡಿದು ಹೆಂಗಸರು ಬಂದರು. ಅವನು ಹಿಂದಿನ ಬಾಗಿಲು ತೆಗೆದು, ಅವರು ಗುಡಿಸಿ ಮುಗಿಸುವ ತನಕ ಅಲ್ಲೇ ನಿಂತಿದ್ದ.