ಮೆಹರುನ್ನೀಸಾ ಮಿಸ್ ಕಲಿಸಿದ ‘ನ್ಯಾರೋ’

ಎರಡೂ ಕೈ ಚಾಚಿ, ಬೆರಳ ತುದಿಯಿಂದ ಆಚೀಚೆ ಗೋಡೆಗಳನ್ನು ಮುಟ್ಟಿಕೊಂಡು ಮೆಹರುನ್ನೀಸಾ ಮಿಸ್ ಶಾಲೆಯ ಹಿಂದಿನ ಓಣಿಯಲ್ಲಿ ನಿಂತಿದ್ದರು. “ಇದು ನ್ಯಾರೋ” ಎಂದರು. ಅವತ್ತು ಹೆಬ್ಬಾಳದ ಆ ಶಾಲೆಯ ನಮ್ಮ ಇಡೀ ತರಗತಿ ಒಬ್ಬೊಬ್ಬರಾಗಿ ಅಲ್ಲಿ ನಿಂತು ಕೈ ಚಾಚಿತು.

ಇಂಗ್ಲಿಷ್ ಪದಕ್ಕೆ ಕನ್ನಡದ ಅರ್ಥ ಬರೆಸಿ ಮುಗಿಸುವವರಲ್ಲ ಅವರು. ಪದವನ್ನು ನಾವೇ ಬಳಸಿ ತೋರಿಸಬೇಕು. ಬಸ್ಸು ಸ್ವಲ್ಪದರಲ್ಲಿ ತಪ್ಪಿಹೋಯಿತು ಎನ್ನಲು ನಾನೊಮ್ಮೆ ‘ನ್ಯಾರೋ ಎಸ್ಕೇಪ್’ ಎಂದು ಬರೆದಿದ್ದೆ. ಮಿಸ್ ಸೆರಗು ಬಾಯಿಗಿಟ್ಟು ನಕ್ಕರು. “ಬಸ್ಸು ತಪ್ಪಿದ್ರೆ ಅಲ್ಲಮ್ಮ, ಬಸ್ಸಿನಡಿಗೆ ಬೀಳೋದು ತಪ್ಪಿದ್ರೆ ಎಸ್ಕೇಪು.” ಮನೆಯಲ್ಲಿ ದಖನಿ ಉರ್ದು ಆಡುತ್ತಿದ್ದ ಅವರ ಕನ್ನಡ ನಿಧಾನ, ಒಂದೊಂದು ಮಾತನ್ನೂ ಆರಿಸಿ ಇಟ್ಟಂತೆ.

ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಅಪ್ಪ ನನ್ನ ಓದು ನಿಲ್ಲಿಸಿದರು. ತಣಿಸಂದ್ರದಲ್ಲಿ ಹೊಲ ಮಾಡಿಕೊಂಡಿದ್ದ ಅವರಿಗೆ, ಮಗಳು ದಿನಾ ಬಸ್ಸು ಹತ್ತಿ ಕಾಲೇಜಿಗೆ ಹೋಗುವುದು ಊಹಿಸಲೂ ಆಗದ ಮಾತು. ಸುದ್ದಿ ತಿಳಿದು ಮಿಸ್ ಒಂದು ಭಾನುವಾರ ಮನೆಗೇ ಬಂದರು. ಅಪ್ಪ ಕುರ್ಚಿ ಹಾಕಿಸಿ, ಕಾಫಿ ಕೊಡಿಸಿ, ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ, “ಇಷ್ಟು ಓದಿ ನಿಮ್ಗೇನ್ ಸಿಕ್ತು ಮೇಡಮ್ನೋರೇ? ಇಂಗೆ ಒಬ್ರೇ ಇದೀರಲ್ಲ” ಎಂದರು.

ಮಿಸ್ ಕಾಫಿ ಮುಗಿಸಿ ಎದ್ದರು. ರಸ್ತೆಯವರೆಗೆ ಜೊತೆಗೆ ಹೋದ ನಾನು ಅಳುತ್ತಾ, ಅಪ್ಪ ನ್ಯಾರೋ ಮೈಂಡೆಡ್ ಎಂದೆ. ಅವರು ನನ್ನ ತಲೆ ನೇವರಿಸಿದರು.

“ಅಲ್ಲಮ್ಮ. ಅವ್ರಿಗೆ ಹೆದರಿಕೆ, ಅಷ್ಟೇ. ಅಪ್ಪನಿಗೆ ಆ ಮಾತು ಅನ್ಬೇಡ.”

ಅವರು ಹೇಳಿದ್ದೇ ನಿಜವಾಯಿತು. ಮಿಸ್‌ಗೆ ಹಾಗೆ ಕೇಳಬಾರದಿತ್ತು ಎಂದು ಅಪ್ಪ ಸಂಜೆಯೇ ಅಮ್ಮನ ಹತ್ತಿರ ಪೇಚಾಡಿಕೊಂಡರು. ಆಕೆ ಇನ್ನೊಂದು ಸಲ ಬಂದು ಕೇಳಿದರೆ ಕಾಲೇಜಿಗೆ ಸೇರಿಸೋಣ ಎಂದರು. ತಾವಾಗಿ ಹೇಳಿ ಕಳಿಸಲು ಅವರಿಗೆ ಸಂಕೋಚ. ನನಗೋ, ಕರೆಯದಿದ್ದರೂ ಮಿಸ್ ಬಂದೇ ಬರುತ್ತಾರೆಂಬ ನಂಬಿಕೆ. ಬೇಸಿಗೆಯೆಲ್ಲ ಬಾಗಿಲಲ್ಲಿ ಕಾದೆ. ಅವರು ಬರಲಿಲ್ಲ. ಅಡ್ಮಿಷನ್ ಮುಗಿಯಿತು, ಮರುವರ್ಷ ನನ್ನ ಮದುವೆಯಾಯಿತು.

ಎಷ್ಟೋ ವರ್ಷಗಳ ಮೇಲೆ ಯಶವಂತಪುರದ ಮಾರ್ಕೆಟ್ಟಿನಲ್ಲಿ ಸಿಕ್ಕರು. ಕೂದಲು ಪೂರ್ತಿ ನೆರೆತಿತ್ತು. ಕೆಲಸದಿಂದ ನಿವೃತ್ತರಾಗಿ, ಇನ್ನು ತಂಗಿಯ ಮನೆಯಲ್ಲೇ ಇರುವುದೆಂದು ಗುಲ್ಬರ್ಗಕ್ಕೆ ಹೊರಟಿದ್ದರು. ನನ್ನ ಕೈ ಹಿಡಿದು ಮಕ್ಕಳ ಬಗ್ಗೆ ವಿಚಾರಿಸಿದರು. ಆಮೇಲೆ ಕೈ ಬಿಡದೆಯೇ ಹೇಳಿದರು:

“ನಾನು ಇನ್ನೊಂದ್ಸಲ ಬರ್ಬೇಕಿತ್ತು. ನಿಮ್ಮಪ್ಪ ಕೇಳಿದ್ದು ಮನಸ್ಸಿಗೆ ನಾಟಿಬಿಡ್ತು. ಬಂದಿದ್ರೆ ಒಪ್ತಿದ್ರೇನಮ್ಮ?”

“ಇಲ್ಲ ಮಿಸ್” ಎಂದೆ. “ಅಪ್ಪ ಒಪ್ತಿರ್ಲಿಲ್ಲ.”

ಅವರ ಮುಖ ಸ್ವಲ್ಪ ಹಗುರಾಯಿತು. ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಜನರ ನಡುವೆ ನಡೆದುಹೋದರು. ಮತ್ತೆ ನಾನವರನ್ನು ನೋಡಲಿಲ್ಲ.